ಬಚ್ಚಲಿಗೆ ಸುರಿದ ಪಾದರಸ

ಕೃಷ್ಣಾತೀರದ ತಂಗಡಗಿಯಲ್ಲಿ ಮನೆಯೊಂದರ ಹಳೆಯ ಥರ್ಮಾಮೀಟರು ಕೈಜಾರಿ ಒಡೆಯಿತೆನ್ನಿ. ಮಣಿಮಣಿಯಾಗಿ ಉರುಳುವ ಪಾದರಸವನ್ನು ಮಕ್ಕಳು ಅಂಗೈಯಲ್ಲಿಟ್ಟು ಆಡುವರು. ಹಿರಿಯರು ಗುಡಿಸಿ ಬಚ್ಚಲಿಗೆ ಸುರಿಯುವರು. ಗ್ರಾಮಿನಷ್ಟು ವಸ್ತುವಿನಿಂದ ಕೇಡೇನು ಎಂಬ ಭಾವನೆ ಸಹಜವೇ.

ಆದರೆ ಈ ಲೋಹವು ಕೋಣೆಯ ಶಾಖದಲ್ಲಿಯೇ ಆವಿಯಾಗುತ್ತದೆ. ಬಣ್ಣ, ವಾಸನೆಗಳಿಲ್ಲದ ಆ ಆವಿ ಉಸಿರಿನೊಡನೆ ಹೊಕ್ಕು ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಕಸಬರಿಗೆ ತಗುಲಿದರೆ ಮಣಿಗಳು ಇನ್ನಷ್ಟು ಸಣ್ಣವಾಗಿ ಆವಿ ಹೆಚ್ಚುತ್ತದೆ. ನೀರಿಗಿಳಿದ ಪಾದರಸವನ್ನು ಕೆಸರಿನ ಸೂಕ್ಷ್ಮಜೀವಿಗಳು ಘೋರತರವಾದ ಮೀಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಮೀನು ತಿಂದ ತಾಯಿಯಿಂದ ಗರ್ಭಸ್ಥ ಶಿಶುವಿಗೆ ಸಾಗುತ್ತದೆ. ಜಪಾನಿನ ಮಿನಮಾತದಲ್ಲಿ 1956ರಲ್ಲಿ ಬೆಳಕಿಗೆ ಬಂದ ವ್ಯಾಧಿಗೆ ಕಾರಣವೂ ಈ ಮೀಥೈಲ್ ಪಾದರಸವೇ. ಮೀನನ್ನು ಮುಟ್ಟದ ಮನೆಯವರೇ ಬಚ್ಚಲ ದಾರಿಯಿಂದ ಮೀನಿಗೆ ವಿಷವುಣಿಸಿದಂತಾಗುವುದು.

ತಮಿಳುನಾಡಿನ ಕೊಡೈಕೆನಾಲಿನಲ್ಲಿ ಹಿಂದೂಸ್ತಾನ್ ಲೀವರ್ ಕಂಪನಿಯ ಥರ್ಮಾಮೀಟರು ಕಾರ್ಖಾನೆಯ ಪಾದರಸ ಹತ್ತಿದ ಗಾಜು 2001ರಲ್ಲಿ ಗುಜರಿಯಲ್ಲಿ ಕಂಡುಬಂದು, ಕಾರ್ಖಾನೆಯೇ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಅಮೆರಿಕೆಗೆ ಸಾಗಿಸಬೇಕಾಯಿತು. ಗುಜರಿಗೆ ತೂಗಿ ಬಂದ ಹಣವೆಷ್ಟು, ತೆತ್ತ ಬೆಲೆಯೆಷ್ಟು, ವರ್ತಕರಾದವರು ಲೆಕ್ಕ ಹಾಕಲಿ.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ: ಜೀವಬಾಧೆಯಾಗದ ಸ್ಥಳ ನೋಡಿಯೇ ಮಲಮೂತ್ರಾದಿಗಳನ್ನು ವಿಸರ್ಜಿಸುವುದು. ಶ್ರಾವಕರ ಮನೆಯಲ್ಲಿ ಇದರ ಆಚರಣೆ ಕಷ್ಟವಲ್ಲ. ಕಿಟಕಿ ತೆರೆದು, ಮಕ್ಕಳನ್ನು ದೂರವಿರಿಸಿ, ಗಟ್ಟಿ ಕಾಗದದಿಂದ ಮಣಿಗಳನ್ನು ಕೂಡಿಸಿ, ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟು, ಹೊರಗೆ ಹೆಸರು ಬರೆದಿಡಬೇಕು. ಒಡೆದ ಪಾದರಸದ ಥರ್ಮಾಮೀಟರನ್ನು 2016ರ ಘನತ್ಯಾಜ್ಯ ನಿಯಮಗಳು ಅಪಾಯಕಾರಿ ಗೃಹತ್ಯಾಜ್ಯವೆಂದೇ ಎಣಿಸಿದವು. ಬಾಟಲಿಯನ್ನು ಕಸದ ಗಾಡಿಗೆ ಎಸೆಯದೆ, ಅಂತಹ ತ್ಯಾಜ್ಯವನ್ನು ಸ್ವೀಕರಿಸುವಲ್ಲಿಗೇ ಒಪ್ಪಿಸಬೇಕು. ಬಸದಿಯ ಹಿಂದೆ ರಾಶಿ ಬಿದ್ದ ಹಳೆಯ ಟ್ಯೂಬ್‌ಲೈಟುಗಳಲ್ಲಿಯೂ ಪಾದರಸವಿದೆ. ಟ್ರಸ್ಟಿನವರು ಅವನ್ನು ಒಡೆಸದೆ ಇಡಿಯಾಗಿಯೇ ತೆಗೆಸಿದರೆ ಆಯಿತು.