ಸಾರೋಟುಗಳ ನಡುವೆ ಹಳೆಯ ಕಾರುಗಳು

ರೋಮಿಗೆ ಹೋದ ಯಾತ್ರಿಕರು ಸಿಸ್ಟೈನ್ ಪ್ರಾರ್ಥನಾಲಯವನ್ನು ನೋಡದೆ ಬರುವುದಿಲ್ಲ. ಅದೇ ವ್ಯಾಟಿಕನ್ ಮ್ಯೂಸಿಯಂನ ತೋಟದ ಕೆಳಗೆ ಸಾರೋಟುಗಳ ಮಂಟಪವೊಂದಿದೆ. ಜಗದ್ಗುರು ಆರನೇ ಪೌಲರು 1973ರಲ್ಲಿ ಸ್ಥಾಪಿಸಿದ ಈ ಮಂಟಪದಲ್ಲಿ ಮೇನೆ, ಕುದುರೆ ಸಾರೋಟು, ಮೋಟಾರು ಕಾರು ಎಲ್ಲವೂ ಒಂದೇ ಸೂರಿನಡಿ ಇವೆ. ಹಳೆಯ ಕಾರುಗಳ ಮೈಕಟ್ಟನ್ನು ಗುರುತಿಸಲು ಕಲಿಯಬೇಕೆನ್ನುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಮಗೆ ಕಂಡಿಲ್ಲ.

ಏಕೆಂದರೆ ಆ ಹೆಸರುಗಳಲ್ಲಿ ಹೆಚ್ಚಿನವು ಕಾರಿಗಿಂತ ಹಳೆಯವು. ಆಳುಗಳು ಹೊರುತ್ತಿದ್ದ ಮುಚ್ಚಿದ ಮೇನೆಯೇ 'ಸೆಡಾನ್'. ಗಟ್ಟಿ ಛಾವಣಿ, ನಾಲ್ಕು ಬಾಗಿಲಿನ ನಮ್ಮ ಹಳೆಯ ಅಂಬಾಸಿಡರ್ ಆ ಕುಲದ್ದು. ಇಟಲಿಯವರು ಅದನ್ನು 'ಬೆರ್ಲಿನಾ' ಎನ್ನುತ್ತಾರೆ. ಆ ಹೆಸರಿನ ಸಾರೋಟು, ಹನ್ನೆರಡನೇ ಲಿಯೋ ಅವರ ಕಾಲದ್ದು, ಚಿನ್ನದ ಮೆರುಗಿನೊಂದಿಗೆ ಅಲ್ಲೇ ನಿಂತಿದೆ. 'ಕೂಪೆ' ಎಂದರೆ ಕತ್ತರಿಸಿದ್ದು: ಒಂದು ಸಾಲು ಆಸನ ತೆಗೆದು ಮೋಟು ಮಾಡಿದ ಗಾಡಿ.

ಗುರುತಿಸುವಾಗ ಕಂಪನಿಯ ಲಾಂಛನ ನೋಡಿ ಪ್ರಯೋಜನವಿಲ್ಲ. ದೊಡ್ಡ ಕಾರುಗಳ ಕಂಪನಿಗಳು ಆಗ ಅನೇಕ ವೇಳೆ ಎಂಜಿನ್ ಮತ್ತು ಚಾಸಿ ಮಾತ್ರ ಕೊಡುತ್ತಿದ್ದವು. ಮೈ ಕಟ್ಟುವವರು ಬೇರೆ. ಆದ್ದರಿಂದ ಛಾವಣಿಯನ್ನು ನೋಡಿರಿ. ಮಡಚುವ ಬಟ್ಟೆಯದಾಗಿದ್ದು, ಪಕ್ಕದಲ್ಲಿ ಗಾಜಿನ ಕಿಟಕಿ ಇಲ್ಲದಿದ್ದರೆ ಟೂರರ್. ಹಿಂದಿನ ಆಸನದ ಮೇಲಷ್ಟೇ ಮಡಚಿದರೆ ಲ್ಯಾಂಡಲೆಟ್. ಬಳಿಕ ಚಾಲಕನನ್ನು ನೋಡಿರಿ. ಅವನಿಗೂ ಯಜಮಾನನಿಗೂ ನಡುವೆ ಗಾಜಿನ ತಡೆಯಿದ್ದರೆ ಲಿಮೊಸಿನ್. ಯಜಮಾನ ಒಳಗೆ, ಚಾಲಕ ಮಳೆ ಬಿಸಿಲಿನಲ್ಲಿ ಇದ್ದರೆ ಟೌನ್ ಕಾರ್. (ಅಂತಸ್ತು ತಿಳಿಸಲು ಬೇರೆ ಫಲಕ ಬೇಕಿರಲಿಲ್ಲ!)

ಜಗದ್ಗುರುಗಳ ಕಾರಿಗೆ ಇನ್ನೊಂದು ಪ್ರಶ್ನೆಯಿತ್ತು: ಒಳಗಿರುವವರು ಜನರಿಗೆ ಕಾಣಬೇಕೇ? 1960ರಲ್ಲಿ ಮರ್ಸಿಡಿಸ್‌ನವರು 23ನೇ ಜಾನ್ ಅವರಿಗಾಗಿ ಲ್ಯಾಂಡಲೆಟ್ಟನ್ನೇ ಕಟ್ಟಿಕೊಟ್ಟರು. ಅದು ಈಗ ಸ್ಟುಟ್‌ಗಾರ್ಟಿನಲ್ಲಿದೆ. ಮಂಟಪದಲ್ಲಿ ನಮ್ಮ ಕಾಲು ತಾನಾಗಿ ನಿಂತದ್ದು ಬಿಳಿಯ ಫಿಯೆಟ್ ಕಂಪಾನ್ಯೋಲದ ಎದುರು. ನಮ್ಮ ತಾಳವಾಡಿ ಕಡೆ ಓಡಾಡುವ ಜೀಪಿನಂಥದೇ, ಮೇಲೆ ಏನೂ ಇಲ್ಲ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಗುಂಡು ತಗುಲಿದಾಗ ಎರಡನೇ ಜಾನ್ ಪೌಲರು ನಿಂತಿದ್ದುದು ಇದರಲ್ಲೇ.

ಆಮೇಲಿನ ಯಾತ್ರೆಗಳಿಗೆ ಗುಂಡು ತೂರದ ಗಾಜಿನ ಗೂಡುಳ್ಳ ವಾಹನಗಳು ಬಂದವು. ಫ್ರಾನ್ಸಿಸ್ ಅವರಿಗೆ ಆ ಗಾಜು ಹಿಡಿಸಲಿಲ್ಲ. 2025ರ ಪಾಸ್ಖ ಭಾನುವಾರ, ದೈವಾಧೀನರಾಗುವ ಹಿಂದಿನ ದಿನ, ಅವರು ಅದೇ ಚೌಕದಲ್ಲಿ ಜನರ ನಡುವೆ ಸಾಗಿದ್ದು ತೆರೆದ ವಾಹನದಲ್ಲಿ.