ಎಸ್.ಪಿ. ರಸ್ತೆಯಲ್ಲಿ ಅರ್ಧ ಕಿಲೋ ತಂತಿ

ಮಕ್ಕಳೇ, ತರಕಾರಿಯನ್ನು ತೂಗಿ ಕೊಡುವುದನ್ನು ನೀವು ನೋಡಿದ್ದೀರಿ. ಹಾಡು ಕೇಳಲು ಬೇಕಾದ ಸಾಮಾನನ್ನು ತಕ್ಕಡಿಗೆ ಹಾಕಿ ಕೊಡುವ ಬೀದಿಯೊಂದು ಬೆಂಗಳೂರಿನಲ್ಲಿದೆ. ಅದರ ಹೆಸರು ಸದರ್ ಪತ್ರಪ್ಪ ರಸ್ತೆ. ಎಲ್ಲರ ಬಾಯಲ್ಲೂ ಎಸ್.ಪಿ. ರಸ್ತೆ. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗಿ ಬಂದೆ.

ನಮ್ಮ ಮನೆ ಇರುವುದು ತುಮಕೂರಿನಲ್ಲಿ. ನಡುಮನೆಯ ಮೂಲೆಯಲ್ಲಿ ನಲವತ್ತು ವರ್ಷ ಹಳೆಯ ಎರಡು ಸ್ಪೀಕರ್ ಪೆಟ್ಟಿಗೆಗಳಿವೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಂಬಳದ ಬಾಕಿ ಒಟ್ಟಿಗೆ ಬಂತು, ಆಗ ಕೊಂಡದ್ದು. ನನ್ನ ಮಗಳು ಹತ್ತು ವರ್ಷದವಳಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. ಅದರಲ್ಲಿ ಹಾಡು, ಮೃದಂಗ, ಅವಳ ಗೆಜ್ಜೆ ಎಲ್ಲ ಇತ್ತು. ಈಗ ಹಾಕಿದರೆ ಯಾರೋ ಕಂಬಳಿ ಹೊದ್ದು ಹಾಡಿದ ಹಾಗೆ. ಗೆಜ್ಜೆಯಂತೂ ಇಲ್ಲವೇ ಇಲ್ಲ.

“ಅಮ್ಮನ ಗೆಜ್ಜೆ ಎಲ್ಲಿ ಹೋಯಿತು ತಾತ?” ಎಂದು ಮೊಮ್ಮಗಳು ಕೇಳಿದಳು. “ಕಬ್ಬಿಣದ ಅಂಗಡಿಗೆ ಹಾಕಿ ಅಂತ ಹತ್ತು ವರ್ಷದಿಂದ ಹೇಳ್ತಿದೀನಿ” ಎಂದಳು ನನ್ನಾಕೆ.

ತಂತಿಗಳನ್ನೆಲ್ಲ ಕಳಚಿ ಪೆಟ್ಟಿಗೆಯ ಹಿಂಬದಿ ಬಿಚ್ಚಿದೆ. ಒಳಗೆ ದೊಡ್ಡ ತಟ್ಟೆಯಂಥ ವೂಫರ್, ಸಣ್ಣ ಬಟ್ಟಲಿನಂಥ ಟ್ವೀಟರ್. ಮೃದಂಗದ ದಪ್ಪ ನಾದ ವೂಫರಿನದು, ಗೆಜ್ಜೆಯ ಸಣ್ಣ ನಾದ ಟ್ವೀಟರಿನದು. ನಮ್ಮ ಬ್ಯಾಂಕಿನ ಬಾಗಿಲಲ್ಲಿ ಒಬ್ಬ ಜವಾನರಿದ್ದರು. ಹಣ ಕಟ್ಟುವವರನ್ನು ಆ ಕಡೆ, ಡಿ.ಡಿ. ಬೇಕಾದವರನ್ನು ಈ ಕಡೆ ಕಳಿಸುತ್ತಿದ್ದರು. ಸ್ಪೀಕರಿನೊಳಗೆ ಆ ಕೆಲಸ ಮಾಡುವುದಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಅದರಲ್ಲಿರುವ ಕೆಪಾಸಿಟರ್ ಸಣ್ಣ ನಾದವನ್ನು ಮುಂದೆ ಬಿಟ್ಟು ದಪ್ಪ ನಾದವನ್ನು ತಡೆಯುತ್ತದೆ. ತಾಮ್ರದ ಸುರುಳಿ ಇದಕ್ಕೆ ತದ್ವಿರುದ್ಧ.

ನಮ್ಮ ಪೆಟ್ಟಿಗೆಯಲ್ಲಿ ಸುರುಳಿಯೇ ಇರಲಿಲ್ಲ. ಇದ್ದದ್ದು ಒಂದು ಕೆಪಾಸಿಟರ್ ಮಾತ್ರ. ಅದರ ಮೇಲೆ 6.8 ಮೈಕ್ರೊಫ್ಯಾರಡ್ ಎಂದು ಬರೆದಿತ್ತು. ಮೀಟರ್ ಹಿಡಿದರೆ 3 ಕೂಡ ತೋರಿಸಲಿಲ್ಲ. ಈ ಬಗೆಯ ಹಳೆಯ ಕೆಪಾಸಿಟರಿನೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಜವಾನರು ನಿದ್ದೆ ಹೋಗಿದ್ದರು!

ಹೊಸದನ್ನು ನಾವೇ ಮಾಡೋಣ ಎಂದು ಲೆಕ್ಕಕ್ಕೆ ಕುಳಿತೆವು. ಸ್ಪೀಕರಿನದು 8 ಓಮ್. ದಾರಿ ಬೇರೆಯಾಗಬೇಕಾದದ್ದು 3000 ಹರ್ಟ್ಸ್‌ನಲ್ಲಿ. 2, 3.14, 3000 ಮತ್ತು 8ನ್ನು ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿದರೆ ಕೆಪಾಸಿಟರಿನ ಅಳತೆ ಸಿಗುತ್ತದೆ. ಸುಮಾರು 6.6 ಮೈಕ್ರೊಫ್ಯಾರಡ್ ಬಂತು. ಸುರುಳಿಗೆ 0.42 ಮಿಲಿಹೆನ್ರಿ.

ಮರುದಿನ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೊರಟೆವು. ಮೆಜೆಸ್ಟಿಕ್‌ನಲ್ಲಿ ಮೆಟ್ರೋದ ಹಸಿರು ಮಾರ್ಗ ಹಿಡಿದರೆ ಎರಡನೆಯ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ. ಮೇಲೆ ಬಂದರೆ ಹೂವಿನ ವಾಸನೆ, ಬಸ್ಸಿನ ಹೊಗೆ, ಕೂಗಾಟ. ಅಲ್ಲಿಂದ ನಡೆದೇ ಎಸ್.ಪಿ. ರಸ್ತೆಗೆ ಹೋದೆವು.

ರಸ್ತೆಯ ಎರಡೂ ಬದಿ ಅಂಗಡಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಕಂಪ್ಯೂಟರಿನ ಭಾಗಗಳು, ದೀಪದ ಸರಗಳು, ಮೋಟಾರುಗಳು. ಕೈಗಾಡಿಗೆ ದಾರಿ ಬಿಟ್ಟು ನಾವು ಗೋಡೆಗೆ ಅಂಟಿಕೊಂಡು ನಡೆದೆವು. ನಾವು ಹೊಕ್ಕ ಅಂಗಡಿ ನಾಲ್ಕಡಿ ಅಗಲವಿರಬಹುದು. ಗೋಡೆಯ ತುಂಬ ಅಜ್ಜಿಯ ಸಾಂಬಾರ ಡಬ್ಬಿಯ ಹಾಗೆ ಪುಟ್ಟ ಪುಟ್ಟ ಖಾನೆಗಳು.

“6.8 ಇಲ್ಲ ಸಾರ್. 4.7 ಇದೆ, 2.2 ಇದೆ” ಎಂದರು ಅಂಗಡಿಯವರು. ನಾನು ಪೆಚ್ಚಾದೆ. ಮೊಮ್ಮಗಳು ಬೆರಳು ಮಡಿಸಿ, “ಎರಡೂ ಸೇರಿದರೆ 6.9 ಅಲ್ವಾ?” ಎಂದಳು. ಅವರು ನಕ್ಕು, “ಸರಿಯಾಗಿ ಹೇಳ್ದೆ ಪುಟ್ಟಾ! ಅಕ್ಕಪಕ್ಕ ಇಟ್ಟು ಜೋಡಿಸಿದರೆ ಕೂಡಿಸೋದೇ ಲೆಕ್ಕ” ಎಂದರು. 6.6ಕ್ಕೆ 6.9 ಇಲ್ಲಿ ನಡೆಯುತ್ತದೆ. ಬ್ಯಾಂಕಿನಲ್ಲಿ ನಡೆಯುತ್ತಿರಲಿಲ್ಲ! ಒಣಗದ ಪ್ಲಾಸ್ಟಿಕ್ ಫಿಲ್ಮಿನ ಬಗೆಯವನ್ನೇ ಆರಿಸಿಕೊಂಡೆವು. ಪಕ್ಕದ ಅಂಗಡಿಯಲ್ಲಿ ಅರ್ಧ ಕಿಲೋ ತಾಮ್ರದ ತಂತಿ ತೂಗಿಸಿದೆವು.

ಮನೆಗೆ ಬಂದು ಒಂದು ಇಂಚು ದಪ್ಪದ ಮರದ ತುಂಡಿಗೆ ತಂತಿ ಸುತ್ತತೊಡಗಿದೆವು. ಬೇಕಾದದ್ದು ಸುಮಾರು 140 ಸುತ್ತು. ನಾನು ಸುತ್ತುವುದು, ಅವಳು ಎಣಿಸುವುದು. 97ಕ್ಕೆ ಬಂದಾಗ ಅಜ್ಜಿ ಊಟಕ್ಕೆ ಕರೆದಳು. ಉಂಡು ಬರುವಷ್ಟರಲ್ಲಿ ಲೆಕ್ಕ ಮರೆತು ಮತ್ತೆ ಒಂದರಿಂದ ಶುರು! ಸುರುಳಿ, ಕೆಪಾಸಿಟರುಗಳನ್ನು ಪ್ಲೈವುಡ್ ತುಂಡಿನ ಮೇಲೆ ಕೂರಿಸಿ ನಾನೇ ಬೆಸುಗೆ ಹಾಕಿದೆ. ಅದು ಕೈ ಸುಡುವ ಕೆಲಸ. ಮಕ್ಕಳು ದೊಡ್ಡವರ ಕೈಗೇ ಬಿಡಬೇಕು.

ಸಂಜೆ ಕ್ಯಾಸೆಟ್ ಹಾಕಿದೆ. ಹಾಡು ತಿಳಿಯಾಗಿತ್ತು, ಮೃದಂಗ ಚೊಕ್ಕವಾಗಿತ್ತು. ಗೆಜ್ಜೆ ಮಾತ್ರ ಇಲ್ಲ. ಎರಡು ದಿನದ ಶ್ರಮ ದಂಡವಾಯಿತೆಂದು ಕುರ್ಚಿಯಲ್ಲಿ ಕುಸಿದೆ.

ಆಗ ಅಡುಗೆಮನೆಯಿಂದ ಮೊಮ್ಮಗಳು ಓಡಿಬಂದಳು. “ತಾತ, ಗೆಜ್ಜೆ! ಅಮ್ಮನ ಗೆಜ್ಜೆ!” ಅವಳ ಹಿಂದೆ ಸೌಟು ಹಿಡಿದೇ ಬಂದ ಅಜ್ಜಿ ಕಣ್ಣೊರೆಸಿಕೊಂಡಳು.

ನಾನು ಪೆಟ್ಟಿಗೆಗೆ ಕಿವಿಯಿಟ್ಟೆ. ಊಹೂಂ. ನಿಜ ಹೊಳೆದದ್ದು ಆಗ. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಎನ್ನುತ್ತಾರೆ. ವಯಸ್ಸಾದಂತೆ ಮೇಲಿನ ನಾದಗಳು ಮೊದಲು ಕೈಬಿಡುತ್ತವೆ. ಸದ್ದಿಲ್ಲದೆ ಹೋಗುವುದರಿಂದ ಹೋದದ್ದೇ ತಿಳಿಯುವುದಿಲ್ಲ. ಪೆಟ್ಟಿಗೆಯ ಹಾಗೆ ನಾನೂ ಒಳಗೊಳಗೇ ಒಣಗಿದ್ದೆ. “ನೀನು ಪಿಸುಗುಟ್ಟುತ್ತೀಯ, ಗಟ್ಟಿಯಾಗಿ ಹೇಳು” ಎಂದು ಎಷ್ಟು ಸಲ ಮಗುವನ್ನು ಗದರಿದ್ದೆನೋ!

ಮರುವಾರ ಕಿವಿಯ ವೈದ್ಯರಲ್ಲಿಗೆ ಹೋದೆ. ಅವರ ಕಾಗದದಲ್ಲಿ ನನ್ನ ಶ್ರವಣದ ಗೆರೆ ಬೆಟ್ಟ ಇಳಿದಂತೆ ಇಳಿದಿತ್ತು. ಶ್ರವಣ ಸಾಧನಕ್ಕೆ ಅಳತೆ ಕೊಟ್ಟು ಬಂದೆ.

ಅದು ಬರುವವರೆಗೆ ನಮ್ಮದೊಂದು ಒಪ್ಪಂದ. ಕ್ಯಾಸೆಟ್ ಹಾಕಿ ಇಬ್ಬರೂ ಪಕ್ಕದಲ್ಲಿ ಕೂರುತ್ತೇವೆ. ಗೆಜ್ಜೆ ಕೇಳಿಸಿದಾಗಲೆಲ್ಲ ಅವಳು ನನ್ನ ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತಾಳೆ. ತಾಳ ತಪ್ಪುವುದಿಲ್ಲ.