ತೊಣ್ಣೂರು ಕೆರೆಯ ಏರಿಯ ಮೇಲೆ

ಕೆರೆ ನೋಡಬೇಕೆನ್ನುವವರು ಶರದೃತುವಿನಲ್ಲಿ ನೋಡಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಅಂಗಳದ ಮಣ್ಣು ಬಿರಿದಿರುತ್ತದೆ. ಮಳೆಗಾಲದಲ್ಲಿ ಹಳ್ಳಗಳ ಕೆಂಪು ನೀರು ನುಗ್ಗಿ ಕೆರೆಯ ಮುಖವೇ ಕಾಣುವುದಿಲ್ಲ. ನವರಾತ್ರಿ ಕಳೆದು ದೀಪಾವಳಿ ಬರುವುದರೊಳಗೆ ಮಣ್ಣು ತಳಕ್ಕಿಳಿಯುತ್ತದೆ, ನೀರು ತಿಳಿಯಾಗುತ್ತದೆ.

ದಸರೆಯ ಜನಜಂಗುಳಿ ಕರಗಿದ ಮೇಲಿನ ಭಾನುವಾರ ಮನೆಮಂದಿಯೆಲ್ಲ ಮೈಸೂರಿನಿಂದ ಕೆರೆತೊಣ್ಣೂರಿಗೆ ಹೊರಟೆವು. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಮೇಲೆ ಹೋಗುವ ದಾರಿ. ಕಬ್ಬಿನ ಗದ್ದೆಗಳು ಮುಗಿದು ಹೊಲ ಶುರುವಾಗುವಲ್ಲಿ ರಾಗಿ ತೆನೆ ಕಟ್ಟಿತ್ತು, ಸಾಲುಗಳ ನಡುವೆ ಹುಚ್ಚೆಳ್ಳು ಹೂಬಿಟ್ಟಿತ್ತು. ಶರತ್ಕಾಲವೆಂದರೆ ಎಲೆ ಕೆಂಪಾಗಿ ಉದುರುವ ಕಾಲವೆಂದು ಮಕ್ಕಳು ಚಿತ್ರಗಳಲ್ಲಿ ನೋಡಿಕೊಂಡಿದ್ದಾರೆ. ನಮ್ಮ ಸೀಮೆಯಲ್ಲಿ ಅದರ ಬಣ್ಣ ಈ ಹಳದಿ ಎಂದು ಕಾರು ನಿಲ್ಲಿಸಿ ತೋರಿಸಿದೆ.

ಕೆರೆಯ ದಂಡೆಗೆ ಬಂದು ನಿಂತಾಗ ಯಾರಿಗೂ ಮಾತು ಬರಲಿಲ್ಲ. ಸುತ್ತ ಬಂಡೆಗುಡ್ಡಗಳು, ನಡುವೆ ಕಣ್ಣು ಹರಿಯುವವರೆಗೂ ನೀರು. ಇಷ್ಟು ದೊಡ್ಡ ಕೆರೆಯನ್ನು ತಡೆದು ನಿಲ್ಲಿಸಿರುವುದು ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಕಟ್ಟಿದ ಒಂದು ಏರಿ. ಉದ್ದ ಕಡಿಮೆ, ಎತ್ತರ ಹೆಚ್ಚು. ಜಾಗ ಆರಿಸಿದವರ ಕಣ್ಣಿಗೆ ಕೈಮುಗಿಯಬೇಕು. ಕಟ್ಟಿಸಿದವರು ರಾಮಾನುಜಾಚಾರ್ಯರು, ಇಟ್ಟ ಹೆಸರು ತಿರುಮಲಸಾಗರ ಎಂದು ಊರಿನ ನಂಬಿಕೆ. 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್ ಈ ನೀರಿನ ತಿಳಿಗೆ ಮನಸೋತು ಮೋತಿ ತಾಲಾಬ್ ಎಂದು ಕರೆದ. ಮುಂದೆ ಟಿಪ್ಪು ಸುಲ್ತಾನ್, ಶತ್ರು ಸೈನ್ಯಕ್ಕೆ ನೀರು ಸಿಗಬಾರದೆಂದು ಏರಿಯನ್ನೇ ಒಡೆಸಿದನೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಒಡೆದ ಏರಿಯನ್ನು ಮತ್ತೆ ಕಟ್ಟಿದ ಕೈಗಳು ಯಾರವೋ, ಅವರಿಂದ ಇವತ್ತಿಗೂ ಇಲ್ಲಿ ನೀರು ನಿಂತಿದೆ.

ಅವ್ವ ಹುಟ್ಟಿ ಬೆಳೆದದ್ದು ಕೆರೆಯ ಕೆಳಗಿನ ಊರಿನಲ್ಲಿ. ನಾವೆಲ್ಲ ನೀರು ನೋಡುತ್ತಿದ್ದರೆ ಅವಳ ಕಣ್ಣು ಮೊದಲು ಏರಿಯ ಕಡೆ ಹೋಯಿತು. ಎಮ್ಮೆ ಹೊಡೆದುಕೊಂಡು ಬಂದಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದಳು.

“ಯಾಕಣ್ಣ, ಈ ಸರ್ತಿ ಕೋಡಿ ಬೀಳನಿಲ್ವಾ?”

“ಇಲ್ಲ ಕನವ್ವ, ಇನ್ನೊಂದು ಮೊಳ ಬೇಕು. ಹಸ್ತದ ಮಳೆ ಕೈಕೊಡ್ತು.”

“ಚಿತ್ತೆ, ಸ್ವಾತಿ ಐತಲ್ಲ, ಬುಡಣ್ಣ.”

ಅಷ್ಟರಲ್ಲಿ ಅವರಿಬ್ಬರೂ ನೆಂಟರಾಗಿಬಿಟ್ಟಿದ್ದರು. ಆಮೇಲೆ ಅವ್ವ ಮೊಮ್ಮಗಳ ಕೈಹಿಡಿದು ಏರಿಯ ಮೇಲೆ ನಡೆದಳು. ತೂಬು ಎತ್ತಿದರೆ ನೀರು ಯಾವ ಕಾಲುವೆಗೆ ಬೀಳುತ್ತದೆ, ಕೆಳಗಿನ ಗದ್ದೆಗೆ ಮೊದಲೋ ಮೇಲಿನದಕ್ಕೋ, ಏರಿಯ ಮೇಲೆ ಗಿಡ ಬೇರು ಬಿಟ್ಟರೆ ಯಾಕೆ ಕೀಳಬೇಕು, ಒಂದೊಂದನ್ನೂ ಹೇಳಿದಳು. “ಕೋಡಿ ಮುಚ್ಚುದ್ರೆ ಏರಿ ಹೋಯ್ತದೆ, ಏರಿ ಹೋದ್ರೆ ಊರು ಹೋಯ್ತದೆ ಕನವ್ವ” ಎಂದಾಗ ಮಗು ಹಿಂತಿರುಗಿ ಕೆಳಗಿನ ತೆಂಗಿನ ತೋಟಗಳನ್ನೂ ಮನೆಗಳನ್ನೂ ನೋಡಿತು. ಅವ್ವ ಇಷ್ಟು ಮಾತಾಡಿದ್ದನ್ನು ನಾನು ಮೈಸೂರಿನ ಮನೆಯಲ್ಲಿ ಕೇಳಿದ್ದೇ ಇಲ್ಲ. ಮೂರನೆಯ ಮಹಡಿಯಲ್ಲಿ ಅವಳನ್ನು ಕೂರಿಸಿಕೊಂಡು ನಾವು ಇದನ್ನೆಲ್ಲ ಕೇಳದೆ ಕಳೆದೆವಲ್ಲ ಎಂದು ಸಂಕಟವಾಯಿತು.

ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ಉಂಡ ಮೇಲೆ ಊರೊಳಗೆ ನಡೆದು ನಂಬಿನಾರಾಯಣನ ಗುಡಿಗೆ ಹೋದೆವು. ಹೊಯ್ಸಳರ ಕಾಲದ್ದೇ ಆದರೂ ಬೇಲೂರಿನ ಕುಸುರಿಯನ್ನು ಇಲ್ಲಿ ಹುಡುಕಬಾರದು. ಗ್ರಾನೈಟಿನ ಸರಳ, ಗಟ್ಟಿ ಕಟ್ಟಡ. ತಮ್ಮ ರಾಜಧಾನಿ ದ್ವಾರಸಮುದ್ರ ದಾಳಿಗೆ ತುತ್ತಾದ ಮೇಲೆ 14ನೇ ಶತಮಾನದಲ್ಲಿ ಹೊಯ್ಸಳರು ಬಂದು ಆಶ್ರಯ ಪಡೆದದ್ದು ಈ ಊರಿನಲ್ಲೇ. ಎಲ್ಲ ಕಳೆದುಕೊಂಡು ಬಂದವರಿಗೆ ಈ ನೀರು ಎಷ್ಟು ಸಮಾಧಾನ ಕೊಟ್ಟಿತೋ! ಗುಡ್ಡದ ಮೇಲೆ ಯೋಗಾನರಸಿಂಹ ಇದ್ದಾನೆ, ಹಳೆಯ ದರ್ಗಾವೂ ಊರಿನಲ್ಲಿದೆ. ಅವ್ವನಿಗೆ ಮಂಡಿನೋವು, ಮೆಟ್ಟಿಲು ಹತ್ತಲಿಲ್ಲ. ಮತ್ತೆ ಕೆರೆಯ ಬಳಿಗೇ ಬಂದೆವು.

ಸಂಜೆಯ ಹೊತ್ತಿಗೆ ಬೈಕುಗಳಲ್ಲಿ ಬಂದ ಹುಡುಗರು ಬಾಟಲಿ, ತಟ್ಟೆಗಳನ್ನು ದಂಡೆಯಲ್ಲೇ ಬಿಟ್ಟು ಹೋದರು. ನನ್ನ ಹೆಂಡತಿ ಮಕ್ಕಳನ್ನು ಸೇರಿಸಿಕೊಂಡು ಅವನ್ನು ಚೀಲಕ್ಕೆ ತುಂಬಿದಳು. ಎಮ್ಮೆಯ ಹಿರಿಯರೂ ಬಗ್ಗಿ ಆರಿಸಿದರು.

ತೊಣ್ಣೂರಿಗೆ ನೀವೂ ಹೋಗಿ. ಈಜು ಬರುತ್ತದೆಂದು ನೀರಿಗಿಳಿಯಬೇಡಿ, ಬಂಡೆ ಮುಗಿದಲ್ಲಿ ಆಳ ಒಮ್ಮೆಗೇ ಶುರುವಾಗುತ್ತದೆ. ಒಯ್ದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ. ಮನೆಯ ಹಿರಿಯರನ್ನು ತಪ್ಪದೆ ಕರೆದುಕೊಂಡು ಹೋಗಿ, ಏರಿಯ ಮೇಲೆ ನಿಲ್ಲಿಸಿ ಅವರ ಊರಿನ ಕೆರೆಯ ಕಥೆ ಕೇಳಿ.